ವಾಲ್ಪೈ ಕಡೆ ಕುಳಾಗರದಲ್ಲಿ ಎದ್ದ ಉದ್ದ ಕೊಕ್ಕಿನ ಹಕ್ಕಿ: ವುಡ್‌ಕಾಕಾ, ಸ್ನೈಪಾ?

ಫೋಂಡಾ ಪರದೇಸಿ

ನಮಸ್ಕಾರ. ಗೋವಾ, ಪುಣೆ, ಮುಂಬೈ ಕಡೆ ಹಕ್ಕಿ ನೋಡುವ ಕನ್ನಡದವರು ಇಲ್ಲಿ ಜಾಸ್ತಿ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹೋದ ಭಾನುವಾರ ಸಂಜೆ ವಾಲ್ಪೈ ದಾಟಿ ಒಬ್ಬ ಸ್ನೇಹಿತರ ಕುಳಾಗರಕ್ಕೆ ಹೋಗಿದ್ದೆ. ಗೋವಾ ಗೊತ್ತಿಲ್ಲದವರಿಗೆ, ಕುಳಾಗರ ಅಂದರೆ ಇಲ್ಲಿನ ಅಡಿಕೆ ತೋಟ. ಅಡಿಕೆ, ತೆಂಗು, ಬಾಳೆ, ಮೆಣಸು ಎಲ್ಲ ಒಟ್ಟಿಗೆ, ನಡುವೆ ನೀರಿನ ಕಾಲುವೆ, ಬೆನ್ನಿಗೇ ಕಾಡು. ಹೊತ್ತು ಮುಳುಗುತ್ತಿತ್ತು, ತೋಟದೊಳಗೆ ಆಗಲೇ ಅರೆಗತ್ತಲು. ಕಾಲುವೆ ಪಕ್ಕ ಬರುವಾಗ ಬಾಳೆ ಬುಡದಲ್ಲಿ ಏನೋ ಅಲ್ಲಾಡಿತು. ಕಂದು ಬಣ್ಣ, ಒಣಗಿದ ಎಲೆಯಲ್ಲಿ ಪೂರ್ತಿ ಬೆರೆತು ಹೋಗಿತ್ತು, ಕೊಕ್ಕು ಮಾತ್ರ ಮೈಗೆ ಹೊಂದದಷ್ಟು ಉದ್ದ. ಕೊಕ್ಕನ್ನು ಬುಡದವರೆಗೂ ಕೆಸರಿಗೆ ಇಳಿಸಿ ತೆಗೆಯುತ್ತಿತ್ತು. ಎರಡು ಫೋಟೋ ಹೊಡೆದೆ, ಅಷ್ಟರಲ್ಲಿ ನಾಯಿ ಬಂತು, ಹಕ್ಕಿ ಎದ್ದು ಅಡಿಕೆ ಮರಗಳ ಮಧ್ಯೆ ವಾಲಾಡುತ್ತಾ ಗದ್ದೆ ಕಡೆ ಹಾರಿತು. ಹಾರುವಾಗಿನದು ಮೂರನೇ ಫೋಟೋ, ಅಲ್ಲಾಡಿದೆ, ಬೈಯಬೇಡಿ.

ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದೇ ತಪ್ಪಾಯಿತು ಅನ್ನಿ. ಒಬ್ಬರು 'ಕಾಡೊಳಗೆ ಉದ್ದ ಕೊಕ್ಕಿನ ಹಕ್ಕಿ ಅಂದರೆ ವುಡ್‌ಕಾಕ್, ಪಾರ್ಟಿ ಕೊಡಿಸಿ' ಅಂತಾರೆ. ಇನ್ನೊಬ್ಬರು ನತ್ತಿಂಗ (ನೈಟ್‌ಜಾರ್) ಅಂತಾರೆ. ಮತ್ತೊಬ್ಬರು ಗದ್ದೆ ಸ್ನೈಪ್ ದಾರಿ ತಪ್ಪಿ ಬಂದಿದೆ ಅಂತ ಒಂದೇ ಮಾತಿನಲ್ಲಿ ಮುಗಿಸಿದರು. ಯಾರೂ ಕಾರಣ ಹೇಳುವುದಿಲ್ಲ. ನನಗೆ ಹೆಸರಿಗಿಂತ, ಇವನ್ನು ಬೇರೆ ಬೇರೆ ಅಂತ ಹೇಗೆ ಗುರುತಿಸುವುದು ಅನ್ನೋದು ಬೇಕು. ಕೊಕ್ಕಿನ ಉದ್ದ ನೋಡಿ ಹೇಳಲು ಆಗುತ್ತಾ?

ವಾಸ್ಕೋ ವಾಸು

ಸಂಜೆ, ತರಗೆಲೆ, ಕಂದು ಬಣ್ಣ ಅಂದ ತಕ್ಷಣ ನನಗೂ ನತ್ತಿಂಗವೇ ನೆನಪಾಗಿದ್ದು. ಮೊಲ್ಲೆಂ ರಸ್ತೆಯಲ್ಲಿ ರಾತ್ರಿ ಬೈಕಿನ ಲೈಟಿಗೆ ಕಣ್ಣು ಕೆಂಪಗೆ ಹೊಳೆಯುತ್ತದಲ್ಲ, ಅದೇ. ಮರಾಠಿಯವರು ರಾತವಾ ಅನ್ನೋದು. ಆದರೆ ಫೋಟೋದಲ್ಲಿ ಕೊಕ್ಕು ಕಾಣುತ್ತಿದೆ, ಹಾಗಾಗಿ ನತ್ತಿಂಗ ಅಲ್ಲ. ನತ್ತಿಂಗದ ಬಾಯಿ ದೊಡ್ಡದು, ಕೊಕ್ಕು ಇದೆಯೋ ಇಲ್ಲವೋ ಅನ್ನುವಷ್ಟು ಚಿಕ್ಕದು. ಹಾರುತ್ತಲೇ ಹುಳ ಹಿಡಿಯುವ ಹಕ್ಕಿ ಅದು, ಕೆಸರಿಗೆ ಕೊಕ್ಕು ಹಾಕುವುದಿಲ್ಲ. ಎಬ್ಬಿಸಿದರೂ ಸದ್ದಿಲ್ಲದೆ ತೇಲಿಕೊಂಡು ಹೋಗಿ ಸ್ವಲ್ಪ ದೂರದಲ್ಲಿ ಮತ್ತೆ ನೆಲಕ್ಕೋ ಕೊಂಬೆಗೋ ಕೂರುತ್ತದೆ. ರೆಕ್ಕೆ ಉದ್ದ, ಸಪೂರ.

ನನ್ನ ಕಡೆಯಿಂದ ಇಷ್ಟೇ. ಸ್ನೈಪಾ ವುಡ್‌ಕಾಕಾ ಅನ್ನೋದನ್ನ ತಿಳಿದವರು ಹೇಳಲಿ, ನಾನು ಚಹಾ ಕುಡಿಯುತ್ತಾ ಓದುತ್ತೇನೆ.

ಸುರ್ಲಾ ಸುತ್ತಾಟ

ಮೂರೂ ಫೋಟೋ ದೊಡ್ಡದು ಮಾಡಿ ನೋಡಿದೆ. ಉತ್ತರ ಹೇಳುವ ಮೊದಲು ನೀವು ಕೇಳಿದ್ದಕ್ಕೇ ಬರುತ್ತೇನೆ, ಯಾಕೆಂದರೆ ನಮ್ಮ ಗ್ರೂಪುಗಳಲ್ಲಿ ಎಲ್ಲರೂ ಹೆಸರು ಕೊಟ್ಟು ಓಡಿಹೋಗುತ್ತಾರೆ.

ಕೊಕ್ಕಿನ ಉದ್ದ ಬಿಟ್ಟುಬಿಡಿ. ವುಡ್‌ಕಾಕ್ ಕೊಕ್ಕು 6ರಿಂದ 8 ಸೆಂಟಿಮೀಟರ್, ಸ್ನೈಪ್ ಕೊಕ್ಕೂ ಹೆಚ್ಚುಕಡಿಮೆ ಅಷ್ಟೇ. ಅರೆಗತ್ತಲಲ್ಲಿ ಯಾರು ಅಳೆಯುತ್ತಾರೆ? ಬಣ್ಣವೂ ಬೇಡ. ಕಂದು, ಕಪ್ಪು, ಕೆನೆ ಬಣ್ಣದ ಗೀರುಗಳು ಎಲ್ಲದರ ಮೇಲೂ ಇವೆ, ಇಬ್ಬರೂ ನೆಲದ ಮೇಲೆ ಅಡಗಿ ಬದುಕುವವರು.

ನೋಡಬೇಕಾದ್ದು ತಲೆ. ಸುಮ್ನೆ ತಲೆ ಅಲ್ಲ, ನೆತ್ತಿ. ವುಡ್‌ಕಾಕ್ ನೆತ್ತಿಯ ಮೇಲೆ ಹಿಂಭಾಗದಲ್ಲಿ ಅಗಲವಾದ ಕಪ್ಪು ಪಟ್ಟಿಗಳು ಅಡ್ಡ ಇರುತ್ತವೆ, ಒಂದು ಕಿವಿಯಿಂದ ಇನ್ನೊಂದು ಕಿವಿ ಕಡೆಗೆ. ಸ್ನೈಪ್‌ಗಳಲ್ಲಿ ಪಟ್ಟಿಗಳು ಉದ್ದಕ್ಕೆ, ಕೊಕ್ಕಿನ ಬುಡದಿಂದ ಕತ್ತಿನ ಕಡೆಗೆ. ನಾನು ಹೊಸಬರಿಗೆ ಹೇಳುವುದು ಹೀಗೆ: ವುಡ್‌ಕಾಕ್ ವಿಭೂತಿ ಬಳಿದುಕೊಂಡ ಹಕ್ಕಿ, ಸ್ನೈಪ್ ನಾಮ ಹಾಕಿಕೊಂಡ ಹಕ್ಕಿ. ಹಣೆಯ ಬದಲು ನೆತ್ತಿಯ ಮೇಲೆ, ಅಷ್ಟೇ ವ್ಯತ್ಯಾಸ. ಇದೊಂದು ನೆನಪಿದ್ದರೆ ಎಂಥ ಕೆಟ್ಟ ಫೋಟೋದಲ್ಲೂ ಅರ್ಧ ಕೆಲಸ ಮುಗಿಯಿತು.

ಎರಡನೆಯದು ಮುಖದ ಆಕಾರ. ವುಡ್‌ಕಾಕ್‌ನ ಕಣ್ಣು ದೊಡ್ಡದು, ತಲೆಯಲ್ಲಿ ತೀರಾ ಹಿಂದಕ್ಕೆ ಮತ್ತು ಮೇಲಕ್ಕೆ ಇರುತ್ತದೆ. ತಲೆ ತಿರುಗಿಸದೆ ಸುತ್ತಲೂ, ಬೆನ್ನ ಹಿಂದೆ ಕೂಡ ನೋಡಬಲ್ಲದು. ಕೊಕ್ಕು ಮಣ್ಣಿನಲ್ಲಿದ್ದಾಗಲೂ ನರಿ ಬಂತಾ ಅಂತ ಗೊತ್ತಾಗಬೇಕಲ್ಲ. ಹಣೆ ಬೂದು ಬಣ್ಣ, ಸ್ವಲ್ಪ ಎತ್ತರ. ಸ್ನೈಪ್‌ನ ಕಣ್ಣೂ ಸ್ವಲ್ಪ ಹಿಂದೆಯೇ ಇದೆ, ಆದರೆ ಮುಖದ ಮೇಲೆ ಗೆರೆಗಳು ಚೊಕ್ಕವಾಗಿ ಎಳೆದಿರುತ್ತವೆ. ಕಣ್ಣಿನ ಮೇಲೊಂದು ತಿಳಿ ಹುಬ್ಬು, ಕಣ್ಣಿನ ಮೂಲಕ ಒಂದು ಕಪ್ಪು ಗೆರೆ, ಕೆನ್ನೆಯ ಮೇಲೆ ಮತ್ತೊಂದು.

ಮೂರನೆಯದು ಹೊಟ್ಟೆ. ವುಡ್‌ಕಾಕ್‌ಗೆ ಕತ್ತಿನಿಂದ ಬಾಲದ ಬುಡದವರೆಗೆ ಸಣ್ಣ ಅಡ್ಡ ಗೆರೆಗಳು, ಬಿಳಿ ಜಾಗವೇ ಇಲ್ಲ. ನಮ್ಮ ಗದ್ದೆಗಳಲ್ಲಿ ಸಿಗುವ ಸ್ನೈಪ್‌ಗಳಿಗೆ ಹೊಟ್ಟೆಯ ನಡುಭಾಗ ಸ್ವಚ್ಛ ಬಿಳಿ.

ಗಾತ್ರ ಕೊನೆಗೆ. ವುಡ್‌ಕಾಕ್ 33ರಿಂದ 38 ಸೆಂಟಿಮೀಟರ್, ತೂಕ 300 ಗ್ರಾಂ ಆಸುಪಾಸು. ಸ್ನೈಪ್ 25ರಿಂದ 27, ತೂಕ 100 ಗ್ರಾಂ ಆಚೀಚೆ. ಕಾಗದದ ಮೇಲೆ ಭಾರೀ ವ್ಯತ್ಯಾಸ. ತೋಟದಲ್ಲಿ, ಪಕ್ಕದಲ್ಲಿ ಹೋಲಿಸಲು ಏನೂ ಇಲ್ಲದಾಗ, ಇದರಷ್ಟು ಮೋಸ ಮಾಡುವ ಸಂಗತಿ ಬೇರೊಂದಿಲ್ಲ. ಖುಷಿಯಲ್ಲಿದ್ದಾಗ ಎಲ್ಲ ಹಕ್ಕಿಯೂ ದೊಡ್ಡದಾಗಿಯೇ ಕಾಣುತ್ತದೆ. ಆದರೆ ರೆಕ್ಕೆಯ ಆಕಾರ ನಂಬಬಹುದು. ವುಡ್‌ಕಾಕ್ ರೆಕ್ಕೆ ಅಗಲ, ತುದಿ ದುಂಡಗೆ, ಮರಗಳ ನಡುವೆ ತಿರುಗಲು ಹೇಳಿಮಾಡಿಸಿದ್ದು, ಮೈ ದಪ್ಪ, ಕೊಕ್ಕು ನೆಲದ ಕಡೆಗೆ ಬಾಗಿರುತ್ತದೆ. ಸ್ನೈಪ್ ರೆಕ್ಕೆ ಮೊನಚು, ಹಾರಾಟ ಚುರುಕು.

ಈಗ ನಿಮಗೆ ಪ್ರಶ್ನೆ. ಹಕ್ಕಿ ಏಳುವಾಗ ಕೂಗಿತಾ? ಫೋಟೋ ಒಂದರ ಮೂಲ ಫೈಲ್ ಇದೆಯಾ? ಬಾಳೆ ಎಲೆ ಅಡ್ಡ ಬಂದ ಕಡೆ ಸ್ವಲ್ಪ ಬೆಳಕು ಏರಿಸಿ ಹಾಕಿ.

ಫೋಂಡಾ ಪರದೇಸಿ

ವಿಭೂತಿ, ನಾಮ! ಇನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಬೆಳಕು ಏರಿಸಿ ಮೂಲ ಫೈಲ್ ಹಾಕಿದ್ದೇನೆ. ನನಗೆ ಕಾಣುವುದು ಹೇಳುತ್ತೇನೆ, ಸರಿಯಾ ನೋಡಿ. ಎರಡನೇ ಫೋಟೋದಲ್ಲಿ ತಲೆ ನಮ್ಮ ಕಡೆ ಬಗ್ಗಿದೆ, ಕೊಕ್ಕು ಅರ್ಧ ಮಣ್ಣಿನೊಳಗೆ. ಕೊಕ್ಕಿನ ಬುಡದಿಂದ ಒಂದು ಸಣ್ಣ ಕೆನೆ ಬಣ್ಣದ ಗೆರೆ ನೆತ್ತಿ ನಡುವೆ ನೇರ ಹಿಂದಕ್ಕೆ ಹೋಗಿದೆ. ಅದರ ಎರಡೂ ಕಡೆ ಕಪ್ಪು. ಆಮೇಲೆ ಕಣ್ಣಿನ ಮೇಲೆ ಮತ್ತೆ ತಿಳಿ ಬಣ್ಣ, ಅದು ಕೊಕ್ಕಿನ ಹತ್ತಿರ ಸ್ವಲ್ಪ ಉಬ್ಬಿದ ಹಾಗಿದೆ. ಮೊದಲ ಫೋಟೋದಲ್ಲಿ ಕಾಲುಗಳ ನಡುವೆ ಬೆಳ್ಳಗೆ ಕಾಣುತ್ತದೆ, ಆದರೆ ಅದು ಬೆಳಕು ಬಿದ್ದದ್ದೋ ಹೊಟ್ಟೆಯೋ ಗೊತ್ತಾಗುತ್ತಿಲ್ಲ. ಕಾಲು ಹಸಿರು ಮಿಶ್ರಿತ ಹಳದಿ.

ಏಳುವಾಗ ಒಂದು ಸಲ ಕೂಗಿತು. ಒರಟು ಸದ್ದು, ತುಂಬಾ ಚಿಕ್ಕದು, ಮೂಗಿನಲ್ಲಿ ಹೇಳಿದ ಹಾಗೆ.

ಇನ್ನೊಂದು ವಿಷಯ. ಹಕ್ಕಿ ಹೋದ ಮೇಲೆ ಕಾಲುವೆ ಅಂಚು ನೋಡಿದೆ. ಒದ್ದೆ ಮಣ್ಣಿನ ಮೇಲೆ ಗುಂಡನೆಯ ಸಣ್ಣ ತೂತುಗಳು, ಗುಂಪು ಗುಂಪಾಗಿ, ಒಂದರ ಪಕ್ಕ ಒಂದು. ಕೆಲವು ಜೋಡಿಯಾಗಿ ಇದ್ದವು. ಪಕ್ಕದಲ್ಲಿ ಬಿಳಿ ಹಿಕ್ಕೆ. ಅದರಿಂದ ಏನಾದರೂ ತಿಳಿಯುತ್ತಾ?

ಸುರ್ಲಾ ಸುತ್ತಾಟ

ತೂತಿನಿಂದ ಊಟದ ವಿಷಯ ತಿಳಿಯುತ್ತದೆ, ಹೆಸರು ತಿಳಿಯುವುದಿಲ್ಲ. ಇಬ್ಬರೂ ಹಾಗೇ ಚುಚ್ಚುತ್ತಾರೆ. ಇವುಗಳ ಕೊಕ್ಕಿನ ತುದಿಯಲ್ಲಿ ಸ್ಪರ್ಶ ಗೊತ್ತಾಗುವ ನರಗಳು ತುಂಬಿವೆ, ಕೊಕ್ಕು ಪೂರ್ತಿ ತೆರೆಯದೆ ಮೇಲಿನ ತುದಿಯನ್ನಷ್ಟೇ ಬಗ್ಗಿಸಬಲ್ಲವು. ಮಣ್ಣಿನ ಒಳಗೇ ಎರೆಹುಳ ಮುಟ್ಟಿ ಪತ್ತೆ ಮಾಡಿ, ಅಲ್ಲೇ ಹಿಡಿದು ಎಳೆಯುತ್ತವೆ. ಕಣ್ಣಿನ ಅಗತ್ಯವೇ ಇಲ್ಲ, ಅದಕ್ಕೇ ಕತ್ತಲಲ್ಲೂ ಊಟ ನಡೆಯುತ್ತದೆ.

ಉಳಿದದ್ದು ನೀವೇ ಹೇಳಿಬಿಟ್ಟಿರಿ. ನೆತ್ತಿಯ ನಡುವೆ ಉದ್ದ ಗೆರೆ ಅಂದರೆ ನಾಮ, ಅಲ್ಲಿಗೆ ವುಡ್‌ಕಾಕ್ ಕಥೆ ಮುಗಿಯಿತು. ಏಳುವಾಗ ಒರಟಾಗಿ ಕೂಗುವುದೂ ಸ್ನೈಪ್ ಅಭ್ಯಾಸ. ವುಡ್‌ಕಾಕ್ ಸಾಮಾನ್ಯವಾಗಿ ಬಾಯಿ ಬಿಡದೆ ಏಳುತ್ತದೆ, ರೆಕ್ಕೆಯ ಸದ್ದು ಮಾತ್ರ ಕೇಳುತ್ತದೆ. ಕಾಲಿನ ಬಣ್ಣವೂ ಸ್ನೈಪ್ ಕಡೆಗೇ ಇದೆ.

ಆದರೆ ಇಲ್ಲಿ ಒಂದು ಗುಂಡಿ ಇದೆ. ವುಡ್ ಸ್ನೈಪ್ ಅಂತ ಇನ್ನೊಂದು ಹಕ್ಕಿ ಇದೆ, ಹಾಡ್ಜ್‌ಸನ್ 1836ರಲ್ಲಿ ವರ್ಣಿಸಿದ್ದು. ಹಿಮಾಲಯದಲ್ಲಿ ಮರಿ ಮಾಡುತ್ತದೆ, ಚಳಿಗಾಲಕ್ಕೆ ಕೆಳಗಿಳಿಯುತ್ತದೆ, ಕೆಲವು ನೀಲಗಿರಿ, ಮುನ್ನಾರ್ ಕಡೆಯ ಬೆಟ್ಟಗಳವರೆಗೆ ಬರುತ್ತವೆ. ಜಗತ್ತಿನಲ್ಲೇ ಕಡಿಮೆ ಇರುವ ಹಕ್ಕಿ, ಅಪಾಯದ ಪಟ್ಟಿಯಲ್ಲಿದೆ. ಅದಕ್ಕೂ ನೆತ್ತಿಯ ಮೇಲೆ ನಾಮವೇ. ಆದರೆ ಹೊಟ್ಟೆ ಪೂರ್ತಿ ಗೆರೆ ಗೆರೆ, ರೆಕ್ಕೆ ಅಗಲ ಮತ್ತು ದುಂಡು, ಹಾರಾಟ ನಿಧಾನ, ಒಟ್ಟಾರೆ ಬಣ್ಣ ಕಪ್ಪಗೆ. ಅಂದರೆ ತಲೆ ಸ್ನೈಪ್‌ದು, ಮೈ ವುಡ್‌ಕಾಕ್‌ದು. ಅದಕ್ಕೇ ನೆತ್ತಿ ಒಂದನ್ನೇ ನೋಡಿ ನಿಲ್ಲಬಾರದು, ಹೊಟ್ಟೆಯನ್ನೂ ನೋಡಬೇಕು ಅನ್ನುವುದು. ನಿಮ್ಮ ಫೋಟೋ ಒಂದರಲ್ಲಿ ಬೆಳ್ಳಗೆ ಕಾಣುವುದು ಬೆಳಕಲ್ಲ, ಹೊಟ್ಟೆಯೇ. ಅದರ ಅಂಚಿನಲ್ಲಿ ಪಕ್ಕೆಯ ಗೆರೆಗಳು ಎಲ್ಲಿ ನಿಲ್ಲುತ್ತವೆ ಅಂತ ಗಮನಿಸಿ, ಒಂದು ಕಡೆ ಸ್ಪಷ್ಟವಾಗಿ ಕಡಿದಿದೆ. ಹಾಗಾಗಿ ವುಡ್ ಸ್ನೈಪ್ ಕೂಡ ಅಲ್ಲ.

ಪೇಂಟೆಡ್ ಸ್ನೈಪ್ ಅನ್ನು ಯಾರಾದರೂ ಎತ್ತುವ ಮೊದಲೇ ಹೇಳಿಬಿಡುತ್ತೇನೆ. ಅದಕ್ಕೆ ಕಣ್ಣಿನ ಸುತ್ತ ಬಿಳಿ ಅಥವಾ ಕೆನೆ ಬಣ್ಣದ ದಪ್ಪ ಗುರುತು, ಹೆಗಲ ಮೇಲೆ ಬಿಳಿ ಪಟ್ಟಿ. ಹೆಸರು ಸ್ನೈಪ್ ಆದರೂ ಕುಟುಂಬವೇ ಬೇರೆ. ಅಲ್ಲಿ ಹೆಣ್ಣು ಬಣ್ಣದ್ದು, ಮೊಟ್ಟೆಗೆ ಕಾವು ಕೊಡುವುದು ಗಂಡು. ನಿಮ್ಮದು ಅದಲ್ಲ.

ಯಾವ ಸ್ನೈಪ್ ಅನ್ನುವುದಕ್ಕೆ ಪುಣೆಯವರು ಬರಲಿ.

ಟೇಕಡಿ ತಿರುಕ

ಕರೆದರಲ್ಲ, ಬಂದೆ. ನಾವು ಕವಡಿ, ಭಿಗವಣ ಕಡೆ ಚಳಿಗಾಲ ಪೂರ್ತಿ ಇವುಗಳ ಹಿಂದೆ ಕೂರುತ್ತೇವೆ, ಮಾಡಲು ಬೇರೆ ಕೆಲಸ ಇಲ್ಲ.

ನಮ್ಮ ಕಡೆ ಎರಡು ಮುಖ್ಯ. ಕಾಮನ್ ಸ್ನೈಪ್ ಮತ್ತು ಪಿನ್‌ಟೇಲ್ ಸ್ನೈಪ್. ಕಾಮನ್ ಸ್ನೈಪ್ ಹಾರಿದಾಗ ರೆಕ್ಕೆಯ ಹಿಂಅಂಚಿನಲ್ಲಿ ಬಿಳಿ ಗೆರೆ ಎದ್ದು ಕಾಣುತ್ತದೆ, ರೆಕ್ಕೆಯ ಒಳಮೈಯಲ್ಲೂ ಬಿಳಿ ಭಾಗ ಇದೆ. ಪಿನ್‌ಟೇಲ್‌ಗೆ ಆ ಬಿಳಿ ಅಂಚು ಇಲ್ಲವೆನ್ನುವಷ್ಟು ಮಂಕು, ಒಳಮೈ ಪೂರ್ತಿ ಒತ್ತೊತ್ತಾದ ಕಪ್ಪು ಗೆರೆ. ಹಾರುವಾಗ ಕಾಲಿನ ಬೆರಳು ಬಾಲದಿಂದ ಚೆನ್ನಾಗಿ ಹೊರಗೆ ಬರುತ್ತದೆ. ನಿಮ್ಮ ಮೂರನೇ ಫೋಟೋ ಅಲ್ಲಾಡಿದೆ ಅಂತ ಸಂಕೋಚ ಪಡಬೇಡಿ, ಮೂರರಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಅದೇ. ಬಲ ರೆಕ್ಕೆ ಮೇಲೆತ್ತಿದೆ, ಒಳಮೈ ಕಪ್ಪು, ಬಿಳಿ ಅಂಚು ಎಲ್ಲೂ ಇಲ್ಲ, ಬೆರಳುಗಳು ಬಾಲದ ಹಿಂದೆ ಕಡ್ಡಿ ಕಡ್ಡಿಯಾಗಿ ಕಾಣುತ್ತಿವೆ. ಕಾಮನ್ ಸ್ನೈಪ್ ಅಲ್ಲ.

ಕೂತಾಗ ಮುಖ ನೋಡಬೇಕು. ಕೊಕ್ಕಿನ ಬುಡದ ಹತ್ತಿರ ತಿಳಿ ಹುಬ್ಬು ಅಗಲ, ಕೆಳಗಿನ ಕಪ್ಪು ಗೆರೆ ಸಪೂರ ಇದ್ದರೆ ಪಿನ್‌ಟೇಲ್. ಕಪ್ಪು ಗೆರೆಯೇ ಅಗಲ ಇದ್ದರೆ ಕಾಮನ್. ನೀವು 'ಉಬ್ಬಿದ ಹಾಗಿದೆ' ಅಂದಿರಲ್ಲ, ಅದೇ. ಬೆನ್ನಿನ ಗರಿಗಳೂ ಬೇರೆ. ಕಾಮನ್‌ನಲ್ಲಿ ಗರಿಯ ಹೊರ ಅಂಚು ಮಾತ್ರ ಅಗಲವಾಗಿ ಕೆನೆ ಬಣ್ಣ ಇರುವುದರಿಂದ ಬೆನ್ನ ಮೇಲೆ ಉದ್ದನೆ ಗೆರೆಗಳು ಎದ್ದು ಕಾಣುತ್ತವೆ. ಪಿನ್‌ಟೇಲ್‌ನಲ್ಲಿ ಒಳಗೆ ಹೊರಗೆ ಎರಡೂ ಕಡೆ ಸಮ ಸಮ, ಹಾಗಾಗಿ ಬೆನ್ನು ಗೆರೆಗಿಂತ ಹೆಚ್ಚಾಗಿ ಬಳೆ ಬಳೆಯಾಗಿ ಕಾಣುತ್ತದೆ. ಜಾಗವೂ ಹೊಂದುತ್ತದೆ. ಕಾಮನ್‌ಗೆ ನೀರು ನಿಂತ ಕೆಸರು ಬೇಕು. ಪಿನ್‌ಟೇಲ್ ಸ್ವಲ್ಪ ಒಣ ಜಾಗದಲ್ಲೂ, ಹುಲ್ಲು, ಕೊಯ್ಲಾದ ಗದ್ದೆ, ತೋಟದ ಅಂಚಿನಲ್ಲೂ ಸಿಗುತ್ತದೆ.

ಈಗ ಕಹಿ ಸುದ್ದಿ. ಸ್ವಿನ್‌ಹೋಸ್ ಸ್ನೈಪ್ ಅಂತ ಮೂರನೆಯದೊಂದಿದೆ, ಪಿನ್‌ಟೇಲ್‌ನ ಪಡಿಯಚ್ಚು. ಹೊರಗಿನಿಂದ ನೋಡಿ ಬೇರೆ ಮಾಡಲು ಆಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಬಾಲ ಬಿಚ್ಚಿದರೆ ಮಾತ್ರ ಗೊತ್ತಾಗುತ್ತದೆ. ಕಾಮನ್‌ಗೆ ಬಾಲದ ಗರಿ ಸಾಮಾನ್ಯವಾಗಿ 14. ಸ್ವಿನ್‌ಹೋಸ್‌ಗೆ 20ರ ಆಸುಪಾಸು. ಪಿನ್‌ಟೇಲ್‌ಗೆ ಸಾಮಾನ್ಯವಾಗಿ 26, ಅದರಲ್ಲಿ ಅಂಚಿನ ಗರಿಗಳು ಬರೀ 1ರಿಂದ 2 ಮಿಲಿಮೀಟರ್ ಅಗಲ. ಹಕ್ಕಿ ಗರಿ ತೀಡಿಕೊಳ್ಳುವಾಗ ಒಂದು ಕ್ಷಣ ಬಾಲ ಬಿಚ್ಚುತ್ತದೆ, ಆ ಕ್ಷಣದ ಫೋಟೋಗಾಗಿ ಗಂಟೆಗಟ್ಟಲೆ ಕೂರುವವರು ಇದ್ದಾರೆ. ಅವರ ಮನೆಯವರನ್ನು ಕೇಳಿ, ಕಥೆ ಹೇಳುತ್ತಾರೆ.

ಮುಲುಂಡ್ ಮಂಜ

ಎಲ್ಲ ಸರಿ, ಆದರೆ ಒಂದು ತಕರಾರು. ವುಡ್‌ಕಾಕ್ ಅಂದ ಕೂಡಲೇ ಎಲ್ಲರೂ 'ಸಾಧ್ಯವೇ ಇಲ್ಲ' ಅಂತ ಶುರು ಮಾಡುತ್ತಾರೆ. ನೀಲಗಿರಿ, ಪಳನಿ ಬೆಟ್ಟಕ್ಕೆ ಪ್ರತಿ ಚಳಿಗಾಲ ಬರುವ ಹಕ್ಕಿ ಹಿಮಾಲಯದಿಂದ ಅಲ್ಲಿಗೆ ವಿಮಾನದಲ್ಲೇನೂ ಬರುವುದಿಲ್ಲ, ದಾರಿಯಲ್ಲಿ ಎಲ್ಲೋ ಇಳಿಯಲೇಬೇಕು. ಹಗಲೆಲ್ಲ ಪೊದೆ ಬುಡದಲ್ಲಿ ಅಲ್ಲಾಡದೆ ಕೂರುತ್ತದೆ, ಕತ್ತಲಾದ ಮೇಲೆ ಊಟಕ್ಕೆ ಹೊರಡುತ್ತದೆ. ನಾವು ಹಕ್ಕಿ ನೋಡುವುದು ಬೆಳಿಗ್ಗೆ ಆರರಿಂದ ಹತ್ತು, ಆಮೇಲೆ ಮಿಸಳ್ ಪಾವ್. ಅಂಥ ಹಕ್ಕಿ ನಮ್ಮ ಪಟ್ಟಿಗೆ ಹೇಗೆ ಸೇರುತ್ತದೆ? ಗೋವಾ-ಬೆಳಗಾವಿ ರಸ್ತೆಯ ಚೋರ್ಲಾ ಘಾಟ್ ಸುತ್ತಿನ ಕಾಡಿನಲ್ಲಿ, ತೊರೆ ಪಕ್ಕದ ಒದ್ದೆ ತರಗೆಲೆಯಲ್ಲಿ, ಕತ್ತಲಾಗುವ ಹೊತ್ತಿಗೆ ಯಾರು ನಿಂತು ನೋಡಿದ್ದಾರೆ?

ಹಾಗಾಗಿ ಫೋಂಡಾದವರಿಗೆ ಹೇಳುವುದು, ಇದು ಸ್ನೈಪ್ ಆಯಿತು ಅಂತ ತೋಟದ ಕಡೆ ಹೋಗುವುದು ಬಿಡಬೇಡಿ.

ವುಡ್‌ಕಾಕ್ ವಿಷಯದಲ್ಲಿ ಇನ್ನೊಂದು ಗುರುತು ಯಾರೂ ಹೇಳಲಿಲ್ಲ. ಬಾಲದ ತುದಿ. ಮೇಲಿನಿಂದ ಬೂದು, ಅಡಿಯಿಂದ ಬೆಳ್ಳಿ ಬಿಳುಪು. 2023ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಆ ಗರಿಗಳಿಂದ ಎಷ್ಟು ಬೆಳಕು ವಾಪಸ್ ಬರುತ್ತದೆ ಅಂತ ಅಳೆದರು. ಅಲ್ಲಿಯವರೆಗೆ ಅಳೆದ ಯಾವ ಹಕ್ಕಿಯ ಗರಿಗಿಂತಲೂ ಜಾಸ್ತಿ ಬಿಳಿ ಅಂತ ಬಂತು. ಮೈಯೆಲ್ಲ ತರಗೆಲೆ ಬಣ್ಣ, ಬಾಲದ ಅಡಿಯಲ್ಲಿ ಮಾತ್ರ ಜಗತ್ತಿನ ಬಿಳಿ. ಬೇಕಾದಾಗ ಬಾಲ ಎತ್ತಿ ಇನ್ನೊಂದಕ್ಕೆ ಕಾಣಿಸುತ್ತದೆ, ಬೇಡವಾದಾಗ ಮುಚ್ಚಿಕೊಳ್ಳುತ್ತದೆ. ಅರೆಗತ್ತಲಲ್ಲಿ ಬದುಕುವವರಿಗೆ ಸಂದೇಶ ಕಳಿಸಲು ಬೇರೆ ದಾರಿ ಏನಿದೆ ಹೇಳಿ.

ಸುರ್ಲಾ ಸುತ್ತಾಟ

ಮಂಜ, 'ಸಾಧ್ಯವೇ ಇಲ್ಲ' ಅಂತ ನಾನು ಎಲ್ಲಿ ಹೇಳಿದೆ? ಈ ಫೋಟೋದ ಹಕ್ಕಿ ಅಲ್ಲ ಅಂದೆ. ಎರಡೂ ಬೇರೆ ಮಾತು. ಅಪರೂಪದ ಹಕ್ಕಿ ಬರಬಹುದು ಅನ್ನುವುದು ಸರಿ, ಆದರೆ ಬರಬಹುದು ಅನ್ನುವುದೇ ಬಂದಿದೆ ಅನ್ನುವುದಕ್ಕೆ ಸಾಕ್ಷಿ ಆಗುವುದಿಲ್ಲ. ವುಡ್‌ಕಾಕ್ ಅಂತ ಬರೆಯಬೇಕಾದರೆ ಅಡ್ಡ ಪಟ್ಟಿ ಕಾಣಬೇಕು. ಕಾಣದಿದ್ದರೆ ಬರೆಯಬಾರದು, ಎಷ್ಟೇ ಆಸೆ ಇದ್ದರೂ. ಕೆಳಗಿನ ಕುಳಾಗರಕ್ಕಿಂತ ಚೋರ್ಲಾ ಎತ್ತರದಲ್ಲಿ ಹುಡುಕುವುದು ಮೇಲು ಅನ್ನುವುದಕ್ಕೆ ನನ್ನ ಒಪ್ಪಿಗೆ ಇದೆ. ದಕ್ಷಿಣದಲ್ಲಿ ಅದು ಬೆಟ್ಟದ ಹಕ್ಕಿ, ಶೋಲಾ ಕಾಡಿನ ಜೌಗು ತೊರೆಗಳ ಪಕ್ಕದ್ದು.

ಬಾಲದ ವಿಷಯ ಚೆನ್ನಾಗಿದೆ. ಆದರೆ ಎದ್ದು ದೂರ ಹೋಗುವ ಹಕ್ಕಿಯ ಬಾಲದ ಅಡಿಭಾಗ ನಮಗೆ ಕಾಣುವುದು ಅಪರೂಪ, ಹೊಸಬರು ಅದನ್ನೇ ನಂಬಿ ಕೂರಬಾರದು.

ಬೋರಿವಲಿ ಬೇಸಾಯಗಾರ

ನಡುವೆ ಬಾಯಿ ಹಾಕುತ್ತಿದ್ದೇನೆ. ತೋಟ, ಸಂಜೆ, ಕಂದು ಹಕ್ಕಿ, ಎರೆಹುಳ ಅಂದರೆ ಮಲಯನ್ ನೈಟ್ ಹೆರಾನ್ ಯಾಕೆ ಆಗಬಾರದು? ಪಶ್ಚಿಮ ಘಟ್ಟದ ಕಾಡಿನಲ್ಲಿ ನೆಲದ ಮೇಲೆ ಮೆಲ್ಲಗೆ ನಡೆದು ಎರೆಹುಳ ತಿನ್ನುವ ಹಕ್ಕಿ ಅದು. ನನಗೆ ಫೋಟೋ ತೆರೆಯುತ್ತಿಲ್ಲ, ನೆಟ್ ನಿಧಾನ. ಇಲ್ಲಾ ಗ್ರೀನ್ ಸ್ಯಾಂಡ್‌ಪೈಪರ್? ಅದೂ ಕಾಡಿನ ತೊರೆ ಪಕ್ಕ ಒಂಟಿಯಾಗಿ ಸಿಗುತ್ತದೆ.

ಟೇಕಡಿ ತಿರುಕ

ಫೋಟೋ ತೆರೆದ ಮೇಲೆ ನೀವೇ ನಗುತ್ತೀರಿ. ನೈಟ್ ಹೆರಾನ್ ಕೊಕ್ಕರೆ ಜಾತಿ, ಅರ್ಧ ಮೀಟರ್ ಹತ್ತಿರ ಉದ್ದ, ಕೊಕ್ಕು ದಪ್ಪ ಮತ್ತು ಗಿಡ್ಡ, ತಲೆ ಮೇಲೆ ಕಪ್ಪು ಜುಟ್ಟು, ಕತ್ತು ಇಟ್ಟಿಗೆ ಕೆಂಪು. ಎರೆಹುಳವನ್ನು ಮೇಲಿಂದ ನೋಡಿ ಹಿಡಿಯುತ್ತದೆ, ಮಣ್ಣಿಗೆ ಕೊಕ್ಕು ಚುಚ್ಚಿ ಹುಡುಕುವುದಿಲ್ಲ. ಆದರೆ ಕೇಳಿದ್ದು ಒಳ್ಳೆಯದಾಯಿತು, ಕುಳಾಗರದಲ್ಲಿ ಸಂಜೆ ಏನೋ ಕಂದಗಿನದು ಎದ್ದು ಹೋಯಿತು ಅಂದರೆ ಅದೂ ಪಟ್ಟಿಯಲ್ಲಿರಬೇಕು.

ಗ್ರೀನ್ ಸ್ಯಾಂಡ್‌ಪೈಪರ್ ಬೆನ್ನು ಕಪ್ಪು ಹಸಿರು, ಹೊಟ್ಟೆ ಬಿಳಿ, ಹಾರಿದಾಗ ಬಾಲದ ಬುಡ ಹಾಲಿನ ಬಿಳುಪು. ಮೈಯಲ್ಲಿ ತರಗೆಲೆ ಬಣ್ಣವೇ ಇಲ್ಲ, ಕೂತಾಗ ಹಿಂಭಾಗ ಕುಣಿಸುತ್ತಿರುತ್ತದೆ. ಕೊಕ್ಕೂ ಅಷ್ಟು ಉದ್ದ ಅಲ್ಲ. ಒಂದು ಮಜಾ ಸಂಗತಿ, ನೀರ ದಡದ ಹಕ್ಕಿ ಆದರೂ ಅದು ಉತ್ತರದ ಕಾಡುಗಳಲ್ಲಿ ಮರದ ಮೇಲೆ ಮೊಟ್ಟೆ ಇಡುತ್ತದೆ, ಬೇರೆ ಹಕ್ಕಿಗಳು ಬಿಟ್ಟುಹೋದ ಹಳೇ ಗೂಡಿನಲ್ಲಿ. ನೆಲದ ಮೇಲೆ ಮೊಟ್ಟೆ ಇಡುವ ವುಡ್‌ಕಾಕ್‌ಗೆ ಕಾಡಿನ ಹಕ್ಕಿ ಅಂತ ಹೆಸರು ಬಂದು ಇದಕ್ಕೆ ಬರಲಿಲ್ಲ, ಏನು ಮಾಡುವುದು.

ಫೋಂಡಾ ಪರದೇಸಿ

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ತೋಟದ ಸ್ನೇಹಿತರಿಗೆ ಓದಿ ಹೇಳಿದೆ. ವಾಯಂಗಣ, ಅಂದರೆ ಚಳಿಗಾಲದ ಭತ್ತದ ಗದ್ದೆಗೆ ನೀರು ಬಿಟ್ಟ ಮೇಲೆ ಇಂಥವು ದಿನಾ ಸಂಜೆ ಬರುತ್ತವೆ, ನೀನು ಈಗ ನೋಡಿದ್ದಾ ಅಂತ ಅವರ ಅಮ್ಮ ನಕ್ಕರು. ಅವರ ಲೆಕ್ಕದಲ್ಲಿ ಹಕ್ಕಿ ಹಗಲು ತೋಟದ ನೆರಳಲ್ಲಿ ಕೂರುತ್ತದೆ, ಕತ್ತಲಾದ ಮೇಲೆ ಗದ್ದೆಗೆ ಇಳಿಯುತ್ತದೆ. ನಾಯಿ ಎಬ್ಬಿಸಿದಾಗಲೂ ಗದ್ದೆ ಕಡೆಗೇ ಹೋಯಿತು, ಅದು ನೆನಪಾಯಿತು.

ಕೊನೆಯ ಎರಡು ಪ್ರಶ್ನೆ. ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಏನಂತ ಹಾಕಲಿ? ಪಿನ್‌ಟೇಲ್ ಅಂತ ಹಾಕಿದರೆ ಸುಳ್ಳು ಹೇಳಿದ ಹಾಗೆ ಆಗುತ್ತಾ? ಮತ್ತೆ ವುಡ್‌ಕಾಕ್ ಹುಡುಕಬೇಕಾದರೆ ಮಂಜಣ್ಣ ಹೇಳಿದ ಚೋರ್ಲಾ ಕಡೆ ಎಲ್ಲಿ, ಹೇಗೆ ನಿಲ್ಲಬೇಕು?

ಸುರ್ಲಾ ಸುತ್ತಾಟ

ಪಿನ್‌ಟೇಲ್ ಮತ್ತು ಸ್ವಿನ್‌ಹೋಸ್ ಎರಡನ್ನೂ ಸೇರಿಸಿದ ಒಂದು ಆಯ್ಕೆ ಅಲ್ಲೇ ಇದೆ, ಅದನ್ನು ಆರಿಸಿ, ಮೂರೂ ಫೋಟೋ ಹಾಕಿ, ಕೂಗಿತು ಅನ್ನುವುದನ್ನೂ ಬರೆಯಿರಿ. ನಮ್ಮ ಕಡೆ ಪಿನ್‌ಟೇಲ್ ಆಗಿರುವ ಸಾಧ್ಯತೆಯೇ ಜಾಸ್ತಿ, ಆದರೆ ಬಾಲ ಕಂಡಿಲ್ಲ. ಕಂಡಿಲ್ಲದ್ದನ್ನು ಬರೆಯುವ ಅಗತ್ಯ ಇಲ್ಲ. ಅರ್ಧ ಹೆಸರು ಬರೆದರೆ ಮಾನ ಹೋಗುತ್ತದೆ ಅಂತ ಕೆಲವರಿಗೆ ಅನ್ನಿಸುತ್ತದೆ, ನನಗೆ ಅರ್ಥವಾಗುವುದಿಲ್ಲ.

ತೋಟದ ಅಮ್ಮ ಹೇಳಿದ್ದು ಸರಿಯಾಗಿಯೇ ಇದೆ. ಸ್ನೈಪ್‌ಗಳು ಹಗಲು ಮರೆಯಲ್ಲಿ ಕೂತು ಸಂಜೆ ಊಟಕ್ಕೆ ಇಳಿಯುತ್ತವೆ. ಮುಂದಿನ ಸಲ ತೋಟದೊಳಗೆ ನಡೆಯುವ ಬದಲು ಗದ್ದೆ ಬದುವಿನ ಮೇಲೆ, ಬೆಳಕು ಬೆನ್ನಿಗಿರುವ ಹಾಗೆ ಕೂತಿರಿ. ಹಕ್ಕಿ ತಾನಾಗಿ ಬರುತ್ತದೆ, ಗರಿ ತೀಡಿಕೊಂಡರೆ ಬಾಲವೂ ಸಿಕ್ಕೀತು. ನಾಯಿಯನ್ನು ಮನೆಯಲ್ಲಿ ಕಟ್ಟಿ ಬನ್ನಿ.

ಮುಲುಂಡ್ ಮಂಜ

ಚೋರ್ಲಾ ಬಗ್ಗೆ. ಡಿಸೆಂಬರ್, ಜನವರಿ ಒಳ್ಳೆಯ ಸಮಯ. ರಸ್ತೆ ಪಕ್ಕದ ಒಣ ಕಾಡು ಬೇಡ, ಬೇಸಿಗೆ ಬಂದರೂ ಮಣ್ಣು ಒದ್ದೆ ಇರುವ ತೊರೆ ಹುಡುಕಿ, ಮೇಲೆ ಮರದ ನೆರಳು ದಟ್ಟ ಇರಬೇಕು. ಹಗಲಲ್ಲೇ ಹೋಗಿ ಒದ್ದೆ ಮಣ್ಣಿನಲ್ಲಿ ತೂತುಗಳಿವೆಯಾ ನೋಡಿ ಬನ್ನಿ, ಆಮೇಲೆ ಸಂಜೆ ದೂರದಲ್ಲಿ ನಿಂತು ಕಾಯುವುದು. ಕಾಡಿನಿಂದ ಬಯಲಿಗೆ ಹಾರಿ ಬರುವ ಹೊತ್ತು ಕತ್ತಲಿಗೆ ಸ್ವಲ್ಪ ಮುಂಚೆ, ಮರದ ತಲೆಗಿಂತ ಕೆಳಗೆ. ದಪ್ಪ ಮೈ, ಅಗಲ ರೆಕ್ಕೆ, ಕೊಕ್ಕು ಕೆಳಕ್ಕೆ. ಅಭಯಾರಣ್ಯದ ಒಳಗಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಕತ್ತಲಾದ ಮೇಲೆ ಒಳಗೆ ಬಿಡುವುದಿಲ್ಲ, ಅದಕ್ಕೆ ಅಂಚಿನ ತೋಟಗಳ ಕಡೆಯೇ ನಿಲ್ಲಿ. ಟಾರ್ಚ್ ಹಾಕಿ ಅಟ್ಟಿಸಿಕೊಂಡು ಹೋಗುವ ಚಟ ಬೇಡ.

ಬೆಳಗಾವಿ ಕಡೆಯಿಂದ ಇನ್ನಿಬ್ಬರು ಬರುತ್ತಾರಂತೆ, ಜನವರಿಯಲ್ಲಿ ಒಂದು ಶನಿವಾರ ಇಟ್ಟುಕೊಳ್ಳೋಣ. ಯಾರಿಗೆ ಆಗುತ್ತದೆ, ಇಲ್ಲೇ ಹೇಳಿ.

ವಾಸ್ಕೋ ವಾಸು

ನನ್ನದೊಂದು ಸೀಟು ಹಿಡಿಯಿರಿ. ವುಡ್‌ಕಾಕ್ ಸಿಗದಿದ್ದರೂ ವಾಪಸ್ ಬರುವ ರಸ್ತೆಯಲ್ಲಿ ನತ್ತಿಂಗ ನಾನು ತೋರಿಸುತ್ತೇನೆ.